ಹರಿಯುವ ಇತಿಹಾಸ

ಡಿಸೆಂಬರು ಬಂದಿತೆಂದರೆ ನಾಡಿನ ಮೂಲೆಮೂಲೆಗಳಿಂದ ಶಾಲಾಮಕ್ಕಳ ಬಸ್ಸುಗಳು ಹಂಪಿಯ ದಾರಿ ಹಿಡಿಯುತ್ತವೆ. ವಿರೂಪಾಕ್ಷನ ಗೋಪುರ, ಕಲ್ಲಿನ ರಥ, ಕಮಲಮಹಲು, ಗಜಶಾಲೆ—ಒಂದೇ ಹಗಲಿನಲ್ಲಿ ಎಲ್ಲವನ್ನೂ ಕಂಡು ಮಕ್ಕಳು ಹಿಂದಿರುಗುತ್ತಾರೆ. 1565ಕ್ಕೆ ಎಲ್ಲವೂ ಮುಗಿಯಿತೆಂಬ ಭಾವನೆಯೊಂದೇ ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಆದರೆ ಎಲ್ಲವೂ ಮುಗಿಯಲಿಲ್ಲ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಕಟ್ಟೆ ಕಟ್ಟಿ ತೋಡಿದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ತುರ್ತಾ ಕಾಲುವೆಯ ನೀರು ಪಾಳುಬಿದ್ದ ಮಂಟಪಗಳ ನಡುವೆಯೇ ಸಾಗಿ ಬಾಳೆಗೂ ಭತ್ತಕ್ಕೂ ಉಣಿಸುತ್ತಿದೆ. ಪರದೇಶಗಳಲ್ಲಿ ಹಿಂದಿನ ಬೇಸಾಯವನ್ನು ಮಕ್ಕಳಿಗೆ ತೋರಿಸಲೆಂದು ಹಳೆಯ ಕಾಲದ ಹೊಲಮನೆಗಳನ್ನು ಹೊಸದಾಗಿ ನಿರ್ಮಿಸಿ, ವೇಷ ತೊಟ್ಟವರನ್ನು ಅಲ್ಲಿ ದುಡಿಸುವುದುಂಟು. ನಮಗೆ ಆ ಅಭಿನಯ ಬೇಕಿಲ್ಲ. ಇಲ್ಲಿಯ ರೈತನು ನಿಜವಾಗಿಯೇ ಆ ನೀರನ್ನು ಗದ್ದೆಗೆ ಕಟ್ಟುತ್ತಿದ್ದಾನೆ.

ಇದು ಕೇವಲ ಪ್ರವಾಸದ ಪ್ರಶ್ನೆಯಲ್ಲ. 1986ರಲ್ಲಿ ಹಂಪಿಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರಲ್ಲಿ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ನೆಲಸಿದ್ದವರನ್ನು ತೆರವುಗೊಳಿಸಲಾಯಿತು. ಸ್ಮಾರಕಗಳ ರಕ್ಷಣೆ ಅಗತ್ಯವೇ ಸರಿ. ಆದರೆ ಜನರಿಲ್ಲದ ಹಂಪಿಯೇ ನಿಜವಾದ ಹಂಪಿಯೆಂದು ಮಕ್ಕಳು ಕಲಿತರೆ, ನಾಳೆ ಗದ್ದೆಗಳೂ ಅವರ ಕಣ್ಣಿಗೆ ಅಡ್ಡಿಯಾಗಿಯೇ ತೋರುವುವು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. ಕಟ್ಟುವುದರಷ್ಟೇ ಕಾಪಾಡಿಕೊಳ್ಳುವುದೂ ದೊಡ್ಡದೆಂಬ ಪಾಠವನ್ನು ಅದು ಈ ಸೀಮೆಗೆ ಕಲಿಸಿತು. ಆ ಪಾಠವನ್ನು ಹಳೆಯ ಕಾಲುವೆಗಳು ಶತಮಾನಗಳಿಂದ ಸದ್ದಿಲ್ಲದೆ ಹೇಳುತ್ತ ಬಂದಿವೆ.

ಉಪಾಧ್ಯಾಯರು ಪ್ರವಾಸದ ಒಂದು ಗಂಟೆಯನ್ನಾದರೂ ಕಾಲುವೆಯ ದಡಕ್ಕೆ ಮೀಸಲಿಡಲಿ. ಈ ನೀರು ಎಲ್ಲಿಂದ ಬಂದಿತು, ಸರದಿ ಹೇಗೆ ನಡೆಯುತ್ತದೆ, ಹೂಳನ್ನು ಯಾರು ತೆಗೆಯುತ್ತಾರೆ ಎಂದು ಮಕ್ಕಳು ರೈತನನ್ನೇ ಕೇಳಲಿ.