ಒಂದೇ ಸಲ ಕೇಳಿಸಿದ ಸದ್ದು
1977ರ ಆಗಸ್ಟ್ 15ರ ರಾತ್ರಿ ಅಮೆರಿಕದ ಓಹಾಯೋದಲ್ಲಿದ್ದ ಬಿಗ್ ಇಯರ್ ರೇಡಿಯೋ ದೂರದರ್ಶಕಕ್ಕೆ ಧನು ರಾಶಿಯ ಕಡೆಯಿಂದ ಬಲವಾದ ಸಂಕೇತವೊಂದು ಬಂತು. ಕೆಲವು ದಿನಗಳ ಮೇಲೆ ಕಂಪ್ಯೂಟರ್ ಹಾಳೆಗಳನ್ನು ತಿರುವುತ್ತಿದ್ದ ಖಗೋಳ ವಿಜ್ಞಾನಿ ಜೆರ್ರಿ ಎಹ್ಮನ್, ಸಂಕೇತದ ಬಲವನ್ನು ಸೂಚಿಸುವ ‘6ಇಕ್ಯೂಯುಜೆ5’ ಎಂಬ ಅಕ್ಷರಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲೇ ‘ವಾವ್!’ ಎಂದು ಬರೆದರು. ಆ ದೂರದರ್ಶಕ ನಿಂತಲ್ಲೇ ನಿಂತು, ಭೂಮಿ ತಿರುಗಿದಂತೆ ಆಕಾಶ ನೋಡುತ್ತಿತ್ತು. ಆಗಸದ ಒಂದು ಬಿಂದು ಅದರ ನೋಟವನ್ನು ದಾಟಲು 72 ಸೆಕೆಂಡು ಬೇಕಿತ್ತು. ಸಂಕೇತ ಏರಿ ಇಳಿದದ್ದೂ ಸರಿಯಾಗಿ ಅಷ್ಟೇ ಹೊತ್ತು. ಹಾಗಾಗಿ ನೆಲದ ಮೇಲಿನ ಯಾವುದೋ ಗದ್ದಲವೆಂದು ತಳ್ಳಿಹಾಕುವುದು ಕಷ್ಟ. ಆವರ್ತಾಂಕವೂ ಹೈಡ್ರೋಜನ್ ಹೊಮ್ಮಿಸುವ 1420 ಮೆಗಾಹರ್ಟ್ಸ್ ಆಸುಪಾಸಿನದು. ದೂರದ ಜೀವಿಗಳು ಕರೆ ಕಳಿಸಿದರೆ ಅದನ್ನು ಈ ಆವರ್ತಾಂಕದಲ್ಲೇ ಹುಡುಕಬೇಕೆಂದು ಭೌತ ವಿಜ್ಞಾನಿಗಳಾದ ಕೊಕೋನಿ ಮತ್ತು ಮಾರಿಸನ್ 1959ರಲ್ಲೇ ಬರೆದಿದ್ದರು. ಆದರೆ ಸುಮಾರು ಮೂರು ನಿಮಿಷದ ಅಂತರದಲ್ಲಿ ಅದೇ ಬಿಂದುವನ್ನು ನೋಡುತ್ತಿದ್ದ ಆ ದೂರದರ್ಶಕದ ಇನ್ನೊಂದು ಗ್ರಾಹಕಕ್ಕೆ ಏನೂ ಸಿಗಲಿಲ್ಲ. ಆಮೇಲೆ ಎಷ್ಟೋ ಸಲ ಅತ್ತ ಕಿವಿಗೊಟ್ಟರೂ ಅದು ಮರಳಲಿಲ್ಲ. ಬೇರೆಲ್ಲೋ ಬುದ್ಧಿವಂತ ಜೀವಿಗಳು ಇದ್ದಾರೆಂದೇ ನನ್ನ ನಂಬಿಕೆ, ಆದರೂ ಒಂದೇ ಸಲ ಕೇಳಿಸಿದ್ದನ್ನು ಪುರಾವೆ ಎನ್ನಲಾರೆ. ಸಂಕಟವಾಗುವುದು ಬೇರೆ ಸಂಗತಿಗೆ: 1998ರಲ್ಲಿ ಬಿಗ್ ಇಯರನ್ನು ಗಾಲ್ಫ್ ಮೈದಾನದ ವಿಸ್ತರಣೆಗೆಂದು ಕೆಡವಿಹಾಕಿದರು. ಅದನ್ನು ಉಳಿಸಿಕೊಳ್ಳಬೇಕಿತ್ತು.