ಸಂಬಳ ದೊಡ್ಡದೋ, ಸಂಸಾರ ದೊಡ್ಡದೋ?

ಕಳೆದ ಗೌರಿ ಹಬ್ಬಕ್ಕೆ ಲಿಂಗದಹಳ್ಳಿಗೆ ಹೋಗಿದ್ದೆ. ನಾನು ಭದ್ರಾವತಿಯಲ್ಲಿ ಮೇಷ್ಟರಾಗಿದ್ದಾಗ ನನ್ನ ಕೈಯಲ್ಲಿ ಮಗ್ಗಿ ಕಲಿತ ಹುಡುಗನೊಬ್ಬ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಸಿಕ್ಕ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಕೆಲಸ. ಕಾಫಿ ತರಿಸಿ, ಅದು ಆರುವ ತನಕ ಸುಮ್ಮನಿದ್ದು, ಆಮೇಲೆ ಕೇಳಿದ:

“ಸಾರ್, ಬಡ್ತಿ ಕೊಡ್ತೀವಿ ಅಂತಿದ್ದಾರೆ. ಸಂಬಳ ಒಂದೂವರೆ ಪಟ್ಟು ಆಗುತ್ತೆ. ಆದರೆ ರಾತ್ರಿ ಹತ್ತರೊಳಗೆ ಮನೆ ಸೇರೋ ಹಾಗಿಲ್ಲ. ಈಗಲೇ ಮಗು ನನ್ನ ಹತ್ತಿರ ಬರೋಕೆ ಅರ್ಧ ದಿನ ಹಿಡಿಯುತ್ತೆ. ಬೇಡ ಅಂದರೆ ಮುಂದಿನ ದಾರಿ ಮುಚ್ಚಿದ ಹಾಗೆ. ಏನು ಮಾಡಲಿ?”

ಈ ಪ್ರಶ್ನೆಗೆ ಊರಿನಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು, ಗಾಳಿ ಬಂದಾಗ ತೂರಿಕೋ. ಇನ್ನೊಂದು, ಹಾಸಿಗೆ ಇದ್ದಷ್ಟು ಕಾಲು ಚಾಚು. ಎರಡೂ ಹಿರಿಯರ ಮಾತೇ. ಆದರೆ ಎರಡೂ ಹೊರೆಯನ್ನು ಅವನೊಬ್ಬನ ತಲೆಯ ಮೇಲೆ ಹೊರಿಸುತ್ತವೆ. ಹಣವನ್ನು ಹಿಡಿದರೆ ದುರಾಸೆಯವನು. ಮನೆಯನ್ನು ಹಿಡಿದರೆ ಕೈಲಾಗದವನು. ಇಂಥ ಆಯ್ಕೆಯನ್ನು ಅವನ ಮುಂದೆ ತಂದಿಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಅವನ ತಂದೆ ಈ ಪ್ರಶ್ನೆಯನ್ನು ಕೇಳಬೇಕಾಗಿರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಇಳಿಯುತ್ತಿದ್ದ ಕಾಲದಿಂದಲೂ ಈ ಕಡೆಯ ಮನೆಗಳಿಗೂ ಭದ್ರಾವತಿಗೂ ನಂಟುಂಟು. ಆತ ಅಲ್ಲಿನ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಪಾಳಿ ಮುಗಿದರೆ ಮುಗಿಯಿತು. ಸೈಕಲ್ಲು ತುಳಿದು ಮನೆಗೆ ಬಂದು, ಮಗನ ಲೆಕ್ಕದ ಪುಸ್ತಕ ನೋಡಿ, ಸಂಘದ ಸಭೆಗೂ ಹೋಗಿ ಬರುತ್ತಿದ್ದರು. ಶ್ರೀಮಂತರಾಗಲಿಲ್ಲ, ಮಗನನ್ನು ಓದಿಸಿದರು, ಮಗಳ ಮದುವೆ ಮಾಡಿದರು. ಇದು ಅವರೊಬ್ಬರ ಸದ್ಗುಣದ ಫಲವೆಂದು ನಾನು ಹೇಳಲಾರೆ. ಕೆಲಸಕ್ಕೊಂದು ಗಡಿ ಇತ್ತು. ಆ ಗಡಿಯ ಆಚೆಗೆ ಸಂಸಾರವಿತ್ತು.

ಆ ಗಡಿಯನ್ನು ಯಾವ ಧಣಿಯೂ ದಾನ ಕೊಟ್ಟದ್ದಲ್ಲ. 1886ರಲ್ಲಿ ಷಿಕಾಗೋ ನಗರದ ಕಾರ್ಮಿಕರು ಎಂಟು ಗಂಟೆಯ ದಿನಕ್ಕಾಗಿ ಮುಷ್ಕರ ಹೂಡಿದರು, ಜೀವವನ್ನೂ ತೆತ್ತರು. 1934ರ ಕಾಯಿದೆ ನಮ್ಮ ದೇಶದ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆಯ ದುಡಿಮೆಗೆ ಒಪ್ಪಿತ್ತು. ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದ ಅಂಬೇಡ್ಕರ್ ಅವರ ಕಾಲದಲ್ಲಿ, 1946ರಲ್ಲಿ, ಅದು 48ಕ್ಕೆ ಇಳಿಯಿತು. 1948ರ ಕಾರ್ಖಾನೆ ಕಾಯಿದೆ ಅದನ್ನೇ ಉಳಿಸಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗೂ ಕಾಗದದ ಮೇಲೆ 48ನ್ನು ದಾಟುವ ಧೈರ್ಯ ಬರಲಿಲ್ಲ.

ಕಾಗದದ ಮೇಲೆ ಎಂದೆ. ಏಕೆಂದರೆ ದೊಡ್ಡವರ ಬಾಯಲ್ಲಿ ಬೇರೆ ಲೆಕ್ಕ ನಡೆದಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು: 90 ಗಂಟೆ ದುಡಿಯಬೇಕು, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ, ಎಂದು. ಆರು ದಿನದ ವಾರವಾದರೆ 90 ಗಂಟೆಯೆಂದರೆ ದಿನಕ್ಕೆ 15 ಗಂಟೆ. ಉಳಿದ 9 ಗಂಟೆಯಲ್ಲಿ ಪ್ರಯಾಣ, ಸ್ನಾನ, ಊಟ, ನಿದ್ದೆ. ಮಗುವಿಗೆ ಯಾವ ಹೊತ್ತು? ಇನ್ನು, ಹದಿನೈದು ಗಂಟೆ ದುಡಿದು ಬಂದವನಿಗೆ ಅನ್ನ ಬೇಯಿಸಿ, ಬಟ್ಟೆ ಒಗೆದು, ಮಗುವನ್ನು ಮಲಗಿಸಿದವಳ ಗಂಟೆಗಳನ್ನು ಯಾವ ಕಂಪನಿಯ ಖಾತೆಯಲ್ಲಿ ಬರೆದಿದ್ದಾರೆ?

ಮಾತು ಮಾತಾಗಿಯೇ ಉಳಿದಿಲ್ಲ. ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ಅವಕಾಶವಾಗುವಂತೆ ನಮ್ಮ ರಾಜ್ಯವೇ 2023ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿತು. 2024ರ ಜುಲೈನಲ್ಲಿ ಐಟಿ ಕಂಪನಿಗಳಿಗಾಗಿ 14 ಗಂಟೆಯ ಪ್ರಸ್ತಾಪ ಬಂದಾಗ ನೌಕರರ ಸಂಘವು ಎದ್ದು ನಿಂತು ವಿರೋಧಿಸಿತು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಸಂಘವೇಕೆ ಎಂದು ನಗುತ್ತಿದ್ದವರು ಅಂದು ಉತ್ತರ ಕಂಡರು.

ದುಡಿಮೆಯ ಉಪದೇಶ ಮಾಡುವವರಿಗೆ ಕಾಯಕವೆಂಬ ಮಾತು ಬಲು ಪ್ರಿಯ. ಒಳ್ಳೆಯದು. ಹಾಗಾದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ಅವರು ಹೇಳಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯನದು ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ನಮಗಿಷ್ಟು ಏಕೆ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಕ್ಕೆ ಕಳಿಸಿದಳು. ಎಷ್ಟು ಸಾಕು ಎಂಬುದನ್ನು ಅಲ್ಲಿ ತೀರ್ಮಾನಿಸಿದ್ದು ಮನೆ, ಸಂಬಳ ಕೊಡುವವನಲ್ಲ.

ಆದರೆ ಬರಿಗೈಯವನಿಗೆ ತೃಪ್ತಿಯ ಪಾಠ ಹೇಳುವುದೂ ಮೋಸವೇ. ಲಕ್ಕಮ್ಮ ‘ಸಾಕು’ ಎಂದದ್ದು ಅಂದಿನ ಅಡುಗೆಗೆ ಅಕ್ಕಿ ಇದ್ದುದರಿಂದ. ನನ್ನ ಹುಡುಗನಿಗೆ ‘ಬಿಟ್ಟು ಊರಿಗೆ ಬಾ’ ಎಂದು ನಾನು ಹೇಳಲಿಲ್ಲ. ಯಾವ ಕೆಲಸಕ್ಕೆ ಬರಬೇಕು? ಅವನ ತಂದೆ ದುಡಿದ ಕಾಗದದ ಕಾರ್ಖಾನೆಯಲ್ಲಿ 2015ರಲ್ಲೇ ಉತ್ಪಾದನೆ ನಿಂತುಹೋಯಿತು. 1923ರಲ್ಲಿ ಕುಲುಮೆ ಹೊತ್ತಿದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಹತ್ತಿರದಲ್ಲಿ ಮರ್ಯಾದೆಯ ಕೂಲಿ, ಮಕ್ಕಳಿಗೆ ಒಳ್ಳೆಯ ಸರ್ಕಾರಿ ಶಾಲೆ, ಕಾಯಿಲೆಗೆ ಸಾಲ ಮಾಡಿಸದ ಆಸ್ಪತ್ರೆ, ಇವು ಮೂರಿದ್ದರೆ ಸಣ್ಣ ಸಂಸಾರ ಸುಖದ ಸಂಸಾರ. ಇವಿಲ್ಲದಿದ್ದರೆ ಅದು ಬರಿಯ ಬಡತನ. ಆಗ ದೊಡ್ಡ ಸಂಬಳದ ಹಿಂದೆ ಓಡುವವನನ್ನು ಆಸೆಬುರುಕನೆನ್ನಲು ನಮಗೇನು ಹಕ್ಕು?

ಪೇಟೆಯ ಅಂಗಡಿಕಾರ ಮಿತ್ರರೂ ಇದನ್ನು ಯೋಚಿಸಬೇಕು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವವರು ನೀವು. ನಿಮಗೆ ಧಣಿಯಿಲ್ಲ ನಿಜ. ಎದುರಿನ ಅಂಗಡಿಯೇ ನಿಮ್ಮ ಧಣಿ. ಅವನು ಮುಚ್ಚದೆ ನೀವು ಮುಚ್ಚಲಾರಿರಿ, ನೀವು ಮುಚ್ಚದೆ ಅವನು ಮುಚ್ಚಲಾರ. 1961ರ ಅಂಗಡಿ ಕಾಯಿದೆ ವಾರದ ರಜೆಯನ್ನು ಬರೆದದ್ದು ನಿಮ್ಮಲ್ಲಿ ದುಡಿಯುವ ಹುಡುಗನಿಗಾಗಿ. ಪೇಟೆಯವರೆಲ್ಲ ಕೂಡಿ ಒಂದೇ ದಿನ ಬಾಗಿಲು ಹಾಕಿದರೆ ಯಾರ ಗಿರಾಕಿಯೂ ಓಡಿಹೋಗುವುದಿಲ್ಲ. ಆ ದಿನ ಹುಡುಗನಿಗೂ ಸಿಗುತ್ತದೆ, ನಿಮ್ಮ ಮನೆಯವರಿಗೂ ಸಿಗುತ್ತದೆ. ಒಬ್ಬನೇ ಮಾಡಿದರೆ ನಷ್ಟ, ಕೂಡಿ ಮಾಡಿದರೆ ಲಾಭ.

ಹುಡುಗನಿಗೆ ನಾನು ಒಂದೇ ಮಾತು ಕೇಳಿದೆ: “ನಿನ್ನ ಹೆಂಡತಿ ಏನಂತಾಳಪ್ಪಾ?” ಅವನು ತಲೆ ತಗ್ಗಿಸಿದ. ಕೇಳಿರಲೇ ಇಲ್ಲ. “ಇಬ್ಬರೂ ಕೂತು ಲೆಕ್ಕ ಹಾಕಿ, ಎಷ್ಟಾದರೆ ಸಾಕು ಅಂತ. ಆಮೇಲೆ ಸಂಘಕ್ಕೆ ಹೋಗಿ ಗಂಟೆಯ ಲೆಕ್ಕ ಕೇಳು. ಮೊದಲನೆಯದು ನಿನ್ನ ಮನೆಯ ಕೆಲಸ, ಎರಡನೆಯದು ನಮ್ಮೆಲ್ಲರ ಕೆಲಸ” ಎಂದೆ.

ಹೋಟೆಲಿನ ಹೊರಗೆ ಅಜ್ಜನ ಕೈ ಹಿಡಿದು ಮಗು ನಿಂತಿತ್ತು. ತಂದೆ ಕೈ ಚಾಚಿದ; ಅದು ಅಜ್ಜನ ಪಂಚೆಯ ಮರೆಗೆ ಸರಿಯಿತು. ವಾರಕ್ಕೆ 70 ಗಂಟೆಯೋ 90 ಗಂಟೆಯೋ ಎಂದು ಚರ್ಚಿಸುವ ಮಹನೀಯರು ಒಮ್ಮೆ ಬಂದು ಇದನ್ನು ನೋಡಬೇಕಿತ್ತು.