ಕಾಣೆಯಾದ ಚಿಹ್ನೆಯೂ ಕಾರಣದ ಶೋಧವೂ

ಲಿನಕ್ಸ್ ವ್ಯವಸ್ಥೆಯುಳ್ಳ ಗಣಕಯಂತ್ರವನ್ನು ಬಳಸುವ ವಿದ್ಯಾರ್ಥಿಗಳಿಗೆ ಎಂದಾದರೊಂದು ದಿನ ಎದುರಾಗಬಹುದಾದ ಚಿಕ್ಕ ತೊಂದರೆಯೊಂದುಂಟು. ಯಂತ್ರವನ್ನು ಚಾಲೂ ಮಾಡಿದಾಗ, ತೆರೆಯ ಅಂಚಿನ ಪಟ್ಟಿಯಲ್ಲಿ ಎಂದಿನಂತೆ ಇರಬೇಕಾದ ಜಾಲಸಂಪರ್ಕದ ಚಿಹ್ನೆ ಕಾಣಿಸುವುದಿಲ್ಲ. ವೈಫೈಯನ್ನು ಆರಿಸಿಕೊಳ್ಳಲು ಒತ್ತಬೇಕಾದ ಸ್ಥಳವೇ ಇಲ್ಲದಂತಾಗುತ್ತದೆ. ಆಗ ಕೆಲವರು ತಾಳ್ಮೆಗೆಟ್ಟು ಇಡೀ ವ್ಯವಸ್ಥೆಯನ್ನೇ ಅಳಿಸಿ ಹೊಸದಾಗಿ ಸ್ಥಾಪಿಸಲು ತೊಡಗುವರು. ಈ ಪದ್ಧತಿ ವಿಜ್ಞಾನವನ್ನು ಓದುವವರಿಗೆ ತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊಟ್ಟಮೊದಲು ತಿಳಿಯಬೇಕಾದುದು ಇಷ್ಟು: ಚಿಹ್ನೆ ಬೇರೆ, ಸಂಪರ್ಕ ಬೇರೆ. ನಿಲ್ದಾಣದಲ್ಲಿ ಗಂಟೆ ಬಾರಿಸದಿದ್ದ ಮಾತ್ರಕ್ಕೆ ರೈಲು ಬರಲಿಲ್ಲವೆಂದು ಹೇಳಲಾದೀತೆ? ಗಂಟೆಯವನು ಮಲಗಿರಬಹುದು, ಗಂಟೆಯೇ ಕಳಚಿ ಬಿದ್ದಿರಬಹುದು, ನಿಜವಾಗಿಯೂ ರೈಲು ಬಾರದೆಯೂ ಇರಬಹುದು. ಮೂರೂ ಬೇರೆ ಬೇರೆ ಕಾರಣಗಳು. ಮೂರಕ್ಕೂ ಪರಿಹಾರ ಬೇರೆ.

ನಮ್ಮ ಯಂತ್ರದಲ್ಲಿಯೂ ಹೀಗೆಯೇ. ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಈ ಒಂದು ಚಿಹ್ನೆಯ ಹಿಂದೆ ನಾಲ್ಕು ಅಂಗಗಳು ಕೆಲಸಮಾಡುತ್ತವೆ. ತಳದಲ್ಲಿ, ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ತನ್ನ ಡ್ರೈವರಿನ ಮೂಲಕ ಜಾಲದ ಉಪಕರಣವನ್ನು ನಡೆಸುತ್ತದೆ. ಅದರ ಮೇಲೆ, ರೆಡ್ ಹ್ಯಾಟ್ ಸಂಸ್ಥೆ 2004ರಲ್ಲಿ ಆರಂಭಿಸಿದ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಸೇವೆ ತೆರೆಯ ಮರೆಯಲ್ಲಿದ್ದು ಸಂಪರ್ಕಗಳನ್ನು ಕೂಡಿಸುತ್ತದೆ. ಮೂರನೆಯದು ಎನ್‌ಎಂ-ಆಪ್ಲೆಟ್ ಎಂಬ ಪುಟ್ಟ ಕಾರ್ಯಕ್ರಮ; ಸೇವೆಯಿಂದ ಸುದ್ದಿ ತಿಳಿದು ಚಿಹ್ನೆಯನ್ನು ತೋರಿಸುವುದು ಇದರ ಕೆಲಸ. ನಾಲ್ಕನೆಯದು, ಅಂಥ ಚಿಹ್ನೆಗಳಿಗೆ ಪಟ್ಟಿಯಲ್ಲಿ ಬಿಟ್ಟಿರುವ ಜಾಗ. ಈ ನಾಲ್ಕರಲ್ಲಿ ಯಾವುದೊಂದು ಕೆಟ್ಟರೂ ನಮ್ಮ ಕಣ್ಣಿಗೆ ಕಾಣುವ ಲಕ್ಷಣ ಒಂದೇ ಆಗಿರಬಹುದು.

ಹಾಗಾದರೆ ಕೆಟ್ಟುದು ಯಾವುದೆಂದು ಕಂಡುಕೊಳ್ಳುವ ಬಗೆ ಹೇಗೆ? ಒಂದೊಂದು ಪ್ರಶ್ನೆಯಿಂದಲೂ ಸಂಶಯದ ಒಂದು ಭಾಗವನ್ನು ಕಳೆಯುತ್ತ ಹೋಗುವುದೇ ಬಗೆ. ಬ್ರೌಸರಿನಲ್ಲಿ ಯಾವುದಾದರೊಂದು ಪುಟವನ್ನು ತೆರೆದು ನೋಡೋಣ. ಅದು ತೆರೆದರೆ ಸಂಪರ್ಕ ನೆಟ್ಟಗಿದೆ; ದೋಷವನ್ನು ಮೇಲಿನ ಎರಡು ಅಂಗಗಳಲ್ಲಿ ಹುಡುಕಬೇಕು. ಓಡುತ್ತಿರುವ ಕಾರ್ಯಕ್ರಮಗಳ ಪಟ್ಟಿಯಲ್ಲಿ ಎನ್‌ಎಂ-ಆಪ್ಲೆಟ್ ಇಲ್ಲದಿದ್ದರೆ, ಟರ್ಮಿನಲ್ಲಿನಲ್ಲಿ ಅದರ ಹೆಸರನ್ನು ಬರೆದು ಓಡಿಸಬೇಕು. ಚಿಹ್ನೆ ಮೂಡಿಬಂದರೆ, ಯಂತ್ರ ಚಾಲೂ ಆದಾಗ ಆ ಕಾರ್ಯಕ್ರಮ ತಾನಾಗಿ ಆರಂಭವಾಗುತ್ತಿಲ್ಲವೆಂದಷ್ಟೇ ಅರ್ಥ. ಆರಂಭಿಕ ಕಾರ್ಯಕ್ರಮಗಳ ಸಾಲಿಗೆ ಅದನ್ನು ಸೇರಿಸಿದರಾಯಿತು. ಅದು ಓಡುತ್ತಿದ್ದೂ ಚಿಹ್ನೆ ಕಾಣದಿದ್ದರೆ, ಚಿಹ್ನೆಗಳ ಜಾಗವನ್ನೇ ಯಾರೋ ಪಟ್ಟಿಯಿಂದ ತೆಗೆದಿರಬಹುದು. ಮತ್ತೆ ಸೇರಿಸಿ ನೋಡಬೇಕು.

ಪುಟವೂ ತೆರೆಯದಿದ್ದರೆ ಕೆಳಗಿಳಿಯಬೇಕು. ಎನ್‌ಎಂಸಿಎಲ್‌ಐ ಎಂಬ ಆಜ್ಞೆಯಿಂದ ಸೇವೆಯನ್ನೇ ನೇರವಾಗಿ ವಿಚಾರಿಸಬಹುದು. ಸೇವೆ ನಿಂತಿದ್ದರೆ ಆ ಆಜ್ಞೆಯೇ ಹಾಗೆಂದು ತಿಳಿಸುತ್ತದೆ. ಸೇವೆ ನಡೆಯುತ್ತಿದ್ದೂ ಉಪಕರಣದ ಮುಂದೆ ‘ಅನ್‌ಮ್ಯಾನೇಜ್ಡ್’ ಎಂದಿದ್ದರೆ, ಅದು ಬೇರೊಬ್ಬರ ಅಧೀನದಲ್ಲಿದೆಯೆಂದು ತಿಳಿಯಬೇಕು. ಡೆಬಿಯನ್ ವ್ಯವಸ್ಥೆಯಲ್ಲಿ ‘ಇಂಟರ್‌ಫೇಸಸ್’ ಎಂಬ ಹಳೆಯ ಕಡತದಲ್ಲಿ ಹೆಸರು ಬರೆದಿರುವ ಉಪಕರಣವನ್ನು ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಉಪಕರಣದ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಡ್ರೈವರನ್ನೋ ಯಂತ್ರಭಾಗವನ್ನೋ ಶಂಕಿಸಬೇಕು.

ಇಷ್ಟೆಲ್ಲ ತಲೆನೋವು ಏತಕ್ಕೆ, ಹೊಸದಾಗಿ ಸ್ಥಾಪಿಸಿದರೆ ಸರಿಹೋಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಸರಿಹೋಗಲೂಬಹುದು. ಆದರೆ ಗಳಿಗೆಯ ಕೆಲಸಕ್ಕೆ ಅರ್ಧ ದಿನ ಕಳೆಯುತ್ತದೆ. ನಕಲು ತೆಗೆದಿಡದಿದ್ದರೆ ಟಿಪ್ಪಣಿಗಳೂ ಪ್ರಬಂಧಗಳೂ ಅಳಿಸಿಹೋಗುತ್ತವೆ. ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಕಾರಣ ಗೊತ್ತಾಗದೆ ಉಳಿಯುವುದು. ನಾಳೆ ಅದೇ ತೊಂದರೆ ಮರುಕಳಿಸಿದರೆ ನಾವು ನಿನ್ನೆಯಷ್ಟೇ ಅಜ್ಞಾನಿಗಳು. ಇನ್ನೊಬ್ಬರಿಗೆ ಬರೆದುಕೊಟ್ಟ ಆಜ್ಞೆಗಳನ್ನು ಅರ್ಥ ತಿಳಿಯದೆ ಬರೆದು ಓಡಿಸುವುದೂ, ಬೇರೊಬ್ಬ ರೋಗಿಯ ಚೀಟಿಯಿಂದ ಔಷಧ ಕುಡಿಯುವುದೂ ಒಂದೇ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಜಾಲದ ಚಿಹ್ನೆಯನ್ನು ಡೆಸ್ಕ್‌ಟಾಪೇ ಬರೆಯುವುದರಿಂದ, ಮೇಲೆ ಹೇಳಿದ ಎನ್‌ಎಂ-ಆಪ್ಲೆಟ್ಟಿನ ಚಿಕಿತ್ಸೆ ಅಲ್ಲಿ ಸಲ್ಲದು.

ತಂತ್ರಾಂಶವನ್ನು ರಚಿಸುವವರ ಹೊಣೆಯೂ ಇಲ್ಲದಿಲ್ಲ. ಮೌನವಾಗಿ ಮರೆಯಾಗುವ ಚಿಹ್ನೆ ಬಳಸುವವನಿಗೆ ಏನನ್ನೂ ತಿಳಿಸುವುದಿಲ್ಲ. ಸೇವೆ ನಿಂತಿದೆಯೆಂದೋ ಉಪಕರಣ ಸಿಕ್ಕಲಿಲ್ಲವೆಂದೋ ತೆರೆಯ ಮೇಲೆ ಒಂದು ಸಾಲು ಬರೆದು ತೋರಿಸುವುದು ಅವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಆದರೂ ಲಿನಕ್ಸಿನ ಒಂದು ಗುಣವನ್ನು ಮೆಚ್ಚಲೇಬೇಕು. ಅದರ ಅಂಗಗಳೆಲ್ಲ ಬಿಡಿಬಿಡಿಯಾಗಿ ವಿಚಾರಣೆಗೆ ಸಿಕ್ಕುತ್ತವೆ. ಅವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು.

ಕೇಳಿದರೆ ಉತ್ತರಕೊಡುವ ಯಂತ್ರ ಕೈಯಲ್ಲಿರುವಾಗ ಕೇಳದೆ ಬಿಡುವುದು ತರವಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯುನ್ಮಂಡಲದ ದೀಪ ಹತ್ತದಿದ್ದರೆ ಕೋಶವನ್ನೂ ತಂತಿಯನ್ನೂ ದೀಪವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಲು ನಮ್ಮ ವಿದ್ಯಾರ್ಥಿಗಳು ಕಲಿಯುತ್ತಾರೆ. ಆ ವಿವೇಕವನ್ನೇ ಮೇಜಿನ ಮೇಲಿನ ಗಣಕಯಂತ್ರಕ್ಕೂ ಅನ್ವಯಿಸಲಿ. ಮುಂದಿನ ಬಾರಿ ಚಿಹ್ನೆ ಕಾಣೆಯಾದಾಗ ಸ್ಥಾಪನೆಯ ಡಿಸ್ಕನ್ನು ಹುಡುಕುವ ಮೊದಲು ಕಾಗದದ ಮೇಲೆ ನಾಲ್ಕು ಅಂಗಗಳ ಹೆಸರು ಬರೆದುಕೊಂಡು, ಒಂದೊಂದನ್ನೇ ಪರೀಕ್ಷಿಸಿ, ನೆಟ್ಟಗಿರುವುದರ ಮೇಲೆ ಗೆರೆ ಎಳೆಯುತ್ತ ಬರಲಿ.